ಕರಪತ್ರದಲ್ಲಿ ಏನಿತ್ತು ಎಂಬುದನ್ನು ಮೊದಲು ಬರೆಯಿರಿ

ಮಾನ್ಯರೇ,

ಯುದ್ಧಕಾಲದಲ್ಲಿ ಯುದ್ಧವನ್ನು ವಿರೋಧಿಸುವವರ ವಾಕ್ ಸ್ವಾತಂತ್ರ್ಯವನ್ನು ಕುರಿತ ತಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ತಮ್ಮ ನಿಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಶಿಕ್ಷೆಗೊಳಗಾದವರ ಹೆಸರುಗಳು ಸಾಲುಸಾಲಾಗಿ ಬಂದಿದ್ದರೂ, ಅವರಲ್ಲಿ ಒಬ್ಬರಾದರೂ ಯಾರಿಗೆ ಏನು ಹೇಳಿದರು ಎಂಬುದು ಎಲ್ಲಿಯೂ ಇಲ್ಲ.

ತಾವು ಒಂದೇ ವಾಕ್ಯದಲ್ಲಿ ಮುಗಿಸಿರುವ ಶೆಂಕ್ ಪ್ರಕರಣವನ್ನೇ ನೋಡಿ. ಅಮೆರಿಕದ ಫಿಲಡೆಲ್ಫಿಯಾದ ಸಮಾಜವಾದಿ ಪಕ್ಷದ ಕಾರ್ಯದರ್ಶಿ ಚಾರ್ಲ್ಸ್ ಶೆಂಕ್, ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಕಡ್ಡಾಯ ಸೈನ್ಯಸೇವೆಗೆ ಕರೆಬಂದಿದ್ದ ಯುವಕರಿಗೆ ಅಂಚೆಯ ಮೂಲಕ ಕರಪತ್ರ ಕಳುಹಿಸಿದರು. ಅದರ ಒಂದು ಮಗ್ಗುಲಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ, ಅಲ್ಲಿನ ಸಂವಿಧಾನದ 13ನೆಯ ತಿದ್ದುಪಡಿಯ ಉಲ್ಲೇಖವೂ ಕಡ್ಡಾಯ ಸೇವೆ ಅದಕ್ಕೆ ವಿರುದ್ಧವೆಂಬ ವಾದವೂ ಇದ್ದವು. ಇನ್ನೊಂದು ಮಗ್ಗುಲಲ್ಲಿ ನಿಮ್ಮ ಹಕ್ಕನ್ನು ಬಿಟ್ಟುಕೊಡಬೇಡಿ ಎಂಬ ಕರೆಯಿತ್ತು. ಸಾಮಾನ್ಯ ಕಾಲದಲ್ಲಾಗಿದ್ದರೆ ಇದನ್ನು ಹೇಳುವ ಹಕ್ಕು ಅವರಿಗಿರುತ್ತಿತ್ತು ಎಂದು ಒಪ್ಪಿಕೊಂಡೇ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ 1919ರ ಮಾರ್ಚ್‌ನಲ್ಲಿ ಶಿಕ್ಷೆಯನ್ನು ಎತ್ತಿಹಿಡಿದರು. ಕರಪತ್ರ ಓದಿ ಯಾರಾದರೂ ಸೇನೆಗೆ ಸೇರಲು ನಿರಾಕರಿಸಿದರೆಂದು ಸರ್ಕಾರ ಸಾಬೀತುಪಡಿಸುವ ಅಗತ್ಯವೂ ಬೀಳಲಿಲ್ಲ. ರಂಗಮಂದಿರದಲ್ಲಿ ಬೆಂಕಿಯೆಂದು ಸುಳ್ಳೇ ಕೂಗುವವನ ಉದಾಹರಣೆಯನ್ನು ತಾವು ನ್ಯಾಯವಾದ ಮಿತಿಯೆಂದು ಮೆಚ್ಚಿ ಉದ್ಧರಿಸಿದ್ದೀರಿ. ಅದು ಬಂದದ್ದು ಇದೇ ತೀರ್ಪಿನಲ್ಲಿ, ತಾವು ಸಮರ್ಥಿಸಹೊರಟ ವ್ಯಕ್ತಿಯನ್ನೇ ಜೈಲಿಗೆ ಕಳುಹಿಸಲು! ಮೇಲಾಗಿ, ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶ ಮತ್ತು ಅದು ನಡೆಯುವ ಸಂಭವ ಎರಡೂ ಇರಬೇಕೆಂದು ಅದೇ ಕೋರ್ಟಿನ 1969ರ ಬ್ರಾಂಡೆನ್‌ಬರ್ಗ್ ತೀರ್ಪು ಹೇಳಿದ ಮೇಲೆ ಶೆಂಕ್ ತೀರ್ಪಿನ ಹಳೆಯ ಮಾನದಂಡ ಅಲ್ಲಿಯೂ ಉಳಿದಿಲ್ಲ.

ಭಾರತದ ಭಾಗದಲ್ಲಿ ನೇರವಾದ ತಪ್ಪಿದೆ. ಯುದ್ಧ ಆರಂಭವಾದೊಡನೆ, ವಾಕ್ ಸ್ವಾತಂತ್ರ್ಯವನ್ನು ಕೊಡುವ ಸಂವಿಧಾನದ 19ನೆಯ ವಿಧಿ ಅಮಾನತಾಗುತ್ತದೆಂದು ಬರೆದಿದ್ದೀರಿ. ಹಾಗೆ ಅಮಾನತುಗೊಳಿಸುವ 358ನೆಯ ವಿಧಿ ಜಾರಿಗೆ ಬರಬೇಕಾದರೆ ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ತುರ್ತು ಪರಿಸ್ಥಿತಿಯ ಘೋಷಣೆಯಾಗಬೇಕು. 1962ರ ಅಕ್ಟೋಬರ್‌ನಲ್ಲಿ ಹಾಗೆ ಘೋಷಿಸಿದ್ದು 1968ರ ಜನವರಿಯವರೆಗೂ ಮುಂದುವರಿಯಿತು, ಅಂದರೆ ಚೀನಾದೊಡನೆ ಕಾಳಗ ನಿಂತು ವರ್ಷಗಳೇ ಕಳೆದಿದ್ದವು. 1999ರ ಕಾರ್ಗಿಲ್ ಯುದ್ಧದಲ್ಲಿ ಘೋಷಣೆಯೇ ಆಗಲಿಲ್ಲ. ಘೋಷಣೆ ಇಲ್ಲದಿರುವಾಗ ಅನ್ವಯಿಸುವುದು 19(2)ನೆಯ ಉಪವಿಧಿ ವಾಕ್ ಸ್ವಾತಂತ್ರ್ಯದ ಮೇಲೆ ಅನುಮತಿಸುವ ನಿರ್ಬಂಧಗಳು, ಮತ್ತು ಅವು ಸಮಂಜಸವೇ ಎಂದು ನ್ಯಾಯಾಲಯ ಪರಿಶೀಲಿಸಬಹುದು. ಈ ವ್ಯತ್ಯಾಸದ ಮೇಲೆಯೇ ಲೇಖನ ನಿಲ್ಲಬೇಕು.

ಹೊರದೇಶದ ಇಷ್ಟು ಹೆಸರುಗಳ ನಡುವೆ 1940ರ ವೈಯಕ್ತಿಕ ಸತ್ಯಾಗ್ರಹ ಬಿಟ್ಟುಹೋದದ್ದು ನನಗೆ ಅರ್ಥವಾಗಲಿಲ್ಲ. ಬ್ರಿಟಿಷರ ಯುದ್ಧಕ್ಕೆ ಜನ ಅಥವಾ ಹಣ ಕೊಡುವುದು ತಪ್ಪು ಎಂದು ಬಹಿರಂಗವಾಗಿ ಹೇಳಿದ್ದಕ್ಕೆ ವಿನೋಬಾ ಭಾವೆಯವರು ಬಂಧನಕ್ಕೊಳಗಾದರು. ಶೆಂಕ್ ಅವರ ಕರಪತ್ರದ ಪಕ್ಕದಲ್ಲಿ ಇದನ್ನಿಟ್ಟರೆ ಓದುಗರಿಗೆ ಹೋಲಿಕೆ ತಾನಾಗಿಯೇ ಕಾಣುತ್ತದೆ.

ಇಡೀ ಬರಹದಲ್ಲಿ ನನಗೆ ಹಿಡಿಸಿದ್ದು ಫ್ರೀಡಂ ಪಾರ್ಕಿನಲ್ಲಿ ತಮ್ಮ ಗೆಳತಿಗೆ ಭಿತ್ತಿಪತ್ರ ಮಡಚಿಡಲು ಹೇಳಿದ ಪ್ರಸಂಗ. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಕೇಂದ್ರ ಕಾರಾಗೃಹದ ಜಾಗವದು. ತಾವು ಅದನ್ನೂ ಹೇಳಿಲ್ಲ, ಭಿತ್ತಿಪತ್ರದಲ್ಲಿ ಏನು ಬರೆದಿತ್ತೆಂಬುದನ್ನೂ ಹೇಳಿಲ್ಲ. ಅದರ ಪದಗಳನ್ನು ಇದ್ದ ಹಾಗೆಯೇ ಕೊಡಿ. ಮಡಚಿಡಲು ಹೇಳಿದವರು ಯಾವ ಆದೇಶವನ್ನು ತೋರಿಸಿದರು, ಅಥವಾ ಏನನ್ನೂ ತೋರಿಸಲಿಲ್ಲವೇ ಎಂಬುದನ್ನು ಗೆಳತಿಯನ್ನೇ ಕೇಳಿ ಬರೆಯಿರಿ. ಲೇಖನ ಅಲ್ಲಿಂದಲೇ ಆರಂಭವಾಗಲಿ. ‘ಪ್ರಜಾಪ್ರಭುತ್ವದ ಕಗ್ಗೊಲೆ’ಯಂಥ ಮಾತುಗಳನ್ನು ತೆಗೆದುಹಾಕಿದರೆ ಅದಕ್ಕೆ ಬೇಕಾದ ಜಾಗವೂ ಸಿಗುತ್ತದೆ. ತಿದ್ದಿ ಕಳುಹಿಸಿದರೆ ಖಂಡಿತ ಓದುತ್ತೇನೆ.

ಇಂತು,
ಸಂಪಾದಕರು, ಬೆಂಗಳೂರು