ಗದಗಿನ ಲೇಖಕರಿಗೆ: ಕರುಳಿನ ಕ್ಯಾನ್ಸರ್ ಲೇಖನದ ಬಗ್ಗೆ

ನಮಸ್ಕಾರ.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಡಿಎನ್‌ಎ ಮೇಲೆ ಕೂಡುವ, ಜೀನಿನ ಕೆಲಸ ನಿಲ್ಲಿಸಬಲ್ಲ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ತಿಳಿಯಾಗಿದೆ, ವಿಷಯವೂ ನಮ್ಮ ಓದುಗರಿಗೆ ಬೇಕಾದದ್ದೇ. ಆದರೆ ಅದರಲ್ಲಿನ ಎರಡು ಮಾತುಗಳಿಂದ ಓದುಗರಿಗೆ ಕೇಡಾದೀತು.

"ಮಲದಲ್ಲಿ ರಕ್ತ ಕಂಡವರು ಸೆಪ್ಟಿನ್-9 ರಕ್ತಪರೀಕ್ಷೆ ಮಾಡಿಸಿದರೆ ಕೊಲೊನೊಸ್ಕೋಪಿ ತಪ್ಪುತ್ತದೆ" ಎಂದಿದ್ದೀರಿ. ಸೆಪ್ಟಿನ್-9 ಜೀನಿನ ಮೇಲಿನ ಮೀಥೈಲ್ ಗುರುತನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಅದು; ಕೊಲೊನೊಸ್ಕೋಪಿ ಎಂದರೆ ಕ್ಯಾಮೆರಾ ಕೊಳವೆಯಿಂದ ಕರುಳನ್ನೇ ನೋಡುವುದು. ಈ ವಾಕ್ಯವನ್ನು ಪೂರ್ತಿ ತೆಗೆಯಿರಿ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ಲಕ್ಷಣವಿಲ್ಲದ, 50 ದಾಟಿದ, ಬೇರೆ ತಪಾಸಣೆಗೆ ಒಪ್ಪದವರಿಗಾಗಿ. ನಮ್ಮ ಕಡೆ ರಕ್ತ ಬಿದ್ದರೆ ಮೂಲವ್ಯಾಧಿ ಅಂತ ತಿಂಗಳುಗಟ್ಟಲೆ ಔಷಧ ತಗೊಳ್ಳುವವರು ಬಹಳ ಮಂದಿ. ಅಂಥವರ ಕೈಗೆ ನೆಗೆಟಿವ್ ವರದಿ ಸಿಕ್ಕರೆ ಅವರು ಆಸ್ಪತ್ರೆಯ ಕಡೆ ತಿರುಗಿಯೂ ನೋಡುವುದಿಲ್ಲ. ರಕ್ತ ಬೀಳುವವರಿಗೆ ಕೊಲೊನೊಸ್ಕೋಪಿಯೇ ಬೇಕು, ಗಂಟು ಕಂಡರೆ ಅದರ ತುಣುಕು ತೆಗೆದು ನೋಡುವ ಬಯಾಪ್ಸಿ.

"ನಿಖರ ಪರೀಕ್ಷೆ" ಎನ್ನುವ ಮೊದಲು ಲೆಕ್ಕ ಹಾಕಿ ತೋರಿಸಿ. ಈ ಪರೀಕ್ಷೆ ಕ್ಯಾನ್ಸರ್ ಇರುವ 100 ಮಂದಿಯಲ್ಲಿ ಸುಮಾರು 68 ಮಂದಿಯನ್ನು ಹಿಡಿಯುತ್ತದೆ, ಇಲ್ಲದ 100 ಮಂದಿಯಲ್ಲಿ ಸುಮಾರು 20 ಮಂದಿಗೆ ಪಾಸಿಟಿವ್ ಹೇಳುತ್ತದೆ. 1,000 ಮಂದಿಯಲ್ಲಿ ಐವರಿಗೆ ರೋಗ ಇದೆ ಎಂದುಕೊಳ್ಳಿ. ಸಿಕ್ಕುವವರು ಮೂವರೋ ನಾಲ್ವರೋ, ಸುಮ್ಮನೆ ಗಾಬರಿ ಬೀಳುವವರು 199. ರೋಗದ ಪ್ರಮಾಣ ಅಮೆರಿಕಕ್ಕಿಂತ ಕಡಿಮೆ ಇರುವ ನಮ್ಮಲ್ಲಿ, ಪಾಸಿಟಿವ್ ಬಂದವರ ನಡುವೆ ನಿಜವಾದ ರೋಗಿಗಳು ಇನ್ನೂ ವಿರಳ.

ಎರಡನೆಯದು ಔಷಧದ ಮಾತು. ಮೀಥೈಲ್ ಗುರುತು ಜೀನಿಗೆ ಹಾಕಿದ ಬೀಗ, ಡೆಸಿಟಬಿನ್ ಎಂಬ ಔಷಧ ಅದರ ಕೀಲಿಕೈ ಎಂದು ಬರೆದಿದ್ದೀರಿ. ಆ ಕೀಲಿಕೈ ಒಂದೇ ಬೀಗ ತೆಗೆಯುವುದಿಲ್ಲ, ಮನೆಯ ಎಲ್ಲ ಬೀಗಗಳನ್ನೂ ಸಡಿಲಿಸುತ್ತದೆ. ಅದು ಕೆಲಸ ಮಾಡುವುದು ವಿಭಜಿಸುತ್ತಿರುವ ಕೋಶದ ಡಿಎನ್‌ಎಗೆ ಸೇರಿಕೊಂಡು, ಆದ್ದರಿಂದ ಅಸ್ಥಿಮಜ್ಜೆಗೂ ಪೆಟ್ಟು ಬಿದ್ದು ರಕ್ತಕಣ ಇಳಿಯುತ್ತವೆ. ಔಷಧ ನಿಂತರೆ ಗುರುತುಗಳು ಮತ್ತೆ ಕೂಡುತ್ತವೆ. 2006ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮಜ್ಜೆಯ ರೋಗವಾದ ಮೈಲೊಡಿಸ್‌ಪ್ಲಾಸಿಯಾಕ್ಕೆ, ಕರುಳಿನ ಕ್ಯಾನ್ಸರಿಗಲ್ಲ. "ಚಿಕಿತ್ಸೆ ಬಂದಿದೆ" ಎಂದದ್ದನ್ನು "ಪ್ರಯೋಗ ನಡೆದಿದೆ" ಎಂದು ತಿದ್ದಿ.

ಡಿಎನ್‌ಎಯ ತಪ್ಪುಗಳನ್ನು ದುರಸ್ತಿ ಮಾಡುವ, ನೀವು ಒಂದೇ ಸಾಲಿನಲ್ಲಿ ದಾಟಿಸಿದ ಎಂಎಲ್‌ಎಚ್1 ಜೀನನ್ನೇ ಲೇಖನದ ನಡುವೆ ತನ್ನಿ. ಮೀಥೈಲ್ ಗುರುತು ಇವತ್ತು ರೋಗಿಯ ದಾರಿ ಬದಲಿಸುವುದು ಇಲ್ಲಿ. ಗಂಟಿನ ತುಣುಕಿನಲ್ಲಿ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ದುರಸ್ತಿ ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುತ್ತಾರೆ. ಮೊದಲೆರಡು ಕಾಣದಿದ್ದರೆ ಮುಂದಿನ ಪ್ರಶ್ನೆ: ಜೀನ್ ಮೀಥೈಲಿನಿಂದ ಮುಚ್ಚಿದೆಯೋ, ಹುಟ್ಟಿನಿಂದಲೇ ಕೆಟ್ಟಿದೆಯೋ? ಗಂಟಿನಲ್ಲಿ ಮೀಥೈಲ್ ಗುರುತೋ ಬಿರಾಫ್ ಎಂಬ ಜೀನಿನ ವಿ600ಇ ಬದಲಾವಣೆಯೋ ಸಿಕ್ಕರೆ ಬಹುಪಾಲು ವಂಶದ ರೋಗವಲ್ಲ. ಎರಡೂ ಇಲ್ಲದಿದ್ದರೆ ವಂಶದಲ್ಲಿ ಇಳಿದು ಬರುವ ಲಿಂಚ್ ಸಿಂಡ್ರೋಮಿಗಾಗಿ ರೋಗಿಯ ರಕ್ತದ ಜೀನ್ ಪರೀಕ್ಷೆ ಬೇಕು, ಏಕೆಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಅದು ಇರಬಹುದು. ಕಾರಣ ಯಾವುದೇ ಇರಲಿ, ದುರಸ್ತಿ ಕೆಟ್ಟ ಗಂಟು ದೇಹದಲ್ಲಿ ಹರಡಿದ್ದರೆ ದೇಹದ ರೋಗನಿರೋಧಕ ಶಕ್ತಿಯನ್ನು ಗಂಟಿನ ಮೇಲೆ ತಿರುಗಿಸುವ ಪೆಂಬ್ರೊಲಿಜುಮ್ಯಾಬ್ ಔಷಧ ಉಪಯುಕ್ತ. 2020ರ ಕೀನೋಟ್-177 ಪ್ರಯೋಗದಲ್ಲಿ ರೋಗ ಉಲ್ಬಣಿಸದೆ ಇದ್ದ ಅವಧಿಯ ಮಧ್ಯಾಂಕ ಈ ಔಷಧ ಪಡೆದವರಲ್ಲಿ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2.

ಈ ಪರೀಕ್ಷೆಗಳು ಎಲ್ಲಿ ಕೆಡುತ್ತವೆ ಅನ್ನುವುದನ್ನೂ ಬರೆಯಲೇಬೇಕು. ತುಣುಕು ತೆಗೆದ ಕೂಡಲೇ 10% ಫಾರ್ಮಲಿನ್‌ಗೆ ಹೋಗಬೇಕು. ಅದರಲ್ಲಿ ನೆನೆಯಲು 6ರಿಂದ 72 ತಾಸು ಸಾಮಾನ್ಯ ಮಿತಿ. ಫಾರ್ಮಲಿನ್‌ಗೆ ಹಾಕುವುದು ತಡವಾದರೆ ಪ್ರೋಟೀನು ಇದ್ದರೂ ಬಣ್ಣ ಹಿಡಿಯದು. ಅದಕ್ಕೇ ಅದೇ ಸ್ಲೈಡಿನ ಆರೋಗ್ಯವಂತ ಕೋಶಗಳಲ್ಲಿ ಬಣ್ಣ ಬಂದಿದೆಯೇ ಎಂದು ಮೊದಲು ನೋಡುತ್ತಾರೆ. ಬಂದಿಲ್ಲದಿದ್ದರೆ "ಪ್ರೋಟೀನು ಇಲ್ಲ" ಎನ್ನುವ ಹಾಗಿಲ್ಲ. ಮೀಥೈಲ್ ಪರೀಕ್ಷೆಯಲ್ಲಿ, ಗುರುತಿಲ್ಲದ ಜಾಗವನ್ನು ಬದಲಿಸಿ ತೋರಿಸುವ ಬೈಸಲ್ಫೈಟ್ ಎಂಬ ರಾಸಾಯನಿಕ ಅರ್ಧಂಬರ್ಧ ಕೆಲಸ ಮಾಡಿದರೆ ಗುರುತಿಲ್ಲದ ಜಾಗವೂ ಗುರುತಿರುವಂತೆ ತೋರುತ್ತದೆ. ಹೆಚ್ಚಾದರೆ ಡಿಎನ್‌ಎ ಪುಡಿಯಾಗುತ್ತದೆ.

ಜೀನಿನ ಕೆಲಸ ತಗ್ಗಿಸುವ ಸಣ್ಣ ಅಣುಗಳಾದ ಮೈಕ್ರೋಆರ್‌ಎನ್‌ಎಗಳ ಉದ್ದನೆಯ ಪಟ್ಟಿ ಬೇಡ. ಆ ಜಾಗದಲ್ಲಿ, ಬಯಾಪ್ಸಿ ವರದಿಯಲ್ಲಿ ನಾಲ್ಕು ಪ್ರೋಟೀನಿನ ಸಾಲು ಇಲ್ಲದಿದ್ದರೆ ಕುಟುಂಬದವರು ಡಾಕ್ಟರನ್ನು ಏನು ಕೇಳಬೇಕೆಂದು ಬರೆಯಿರಿ. ಕರಡನ್ನು ಹುಬ್ಬಳ್ಳಿ ಅಥವಾ ಧಾರವಾಡದ ಪ್ಯಾಥಾಲಜಿ ವೈದ್ಯರೊಬ್ಬರಿಗೆ ತೋರಿಸಿ, ಅವರು ತಿದ್ದಿದ ಪ್ರತಿಯನ್ನೂ ಜೊತೆಗೆ ಕಳಿಸಿ.