ಗಂಟಲಿನ ಗೊನೊರಿಯಾಗೆ ಔಷಧಿ ಮಾಡದೆ ಬಿಟ್ಟರೆ ಏನಾಗುತ್ತೆ?

ಗಂಟಲ ಸ್ವಾಬ್‌ನಲ್ಲಿ ಗೊನೊರಿಯಾ (ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು) ಪಾಸಿಟಿವ್ ಬಂದಿದೆ, ನೋವಿಲ್ಲ, ಜ್ವರವಿಲ್ಲ, ತಾನಾಗೇ ವಾಸಿಯಾಗುತ್ತೆ ಅಂತ ಓದಿದೆ, ಹಾಗಿದ್ದರೆ ಇಂಜೆಕ್ಷನ್ ಯಾಕೆ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕಲ್ಚರ್, ಅಂದರೆ ಸ್ವಾಬಿನಿಂದ ರೋಗಾಣು ಬೆಳೆಸುವ ಪರೀಕ್ಷೆ, ನೋಡುವವಳು.

ನೀವು ಓದಿದ್ದು ಸುಳ್ಳಲ್ಲ. ಗಂಟಲಲ್ಲಿ ಕೂತ ಗೊನೊರಿಯಾ ಹತ್ತರಲ್ಲಿ ಒಂಬತ್ತು ಜನಕ್ಕೆ ಸುಳಿವೇ ಕೊಡಲ್ಲ. ಉಳಿದವರಿಗೂ ಸ್ವಲ್ಪ ಕೆರೆತ, ನುಂಗುವಾಗ ನೋವು, ಇಲ್ಲಿನ ಡಿಸೆಂಬರ್ ಚಳಿಗೆ ಬರುವ ಗಂಟಲು ನೋವಿನ ಹಾಗೇ. ಔಷಧಿ ಇಲ್ಲದಿದ್ದರೂ ಬಹುತೇಕರಲ್ಲಿ ಸುಮಾರು ಮೂರು ತಿಂಗಳೊಳಗೆ ದೇಹವೇ ಅದನ್ನು ಕಳಿಸಿಬಿಡುತ್ತೆ. ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಇರುತ್ತೆ.

ಆದರೆ ಅದು ಹೋದ ದಿನ ನಿಮಗೆ ಗೊತ್ತಾಗಲ್ಲ. ಅಲ್ಲಿಯವರೆಗೆ ಬಾಯಿಯ ಸಂಭೋಗದಲ್ಲಿ ಸಂಗಾತಿಗೆ ದಾಟುತ್ತಲೇ ಇರುತ್ತೆ. ನಿಮ್ಮ ಗಂಟಲಲ್ಲಿ ಸುಮ್ಮನಿದ್ದದ್ದು ಅವರ ಮೂತ್ರನಾಳದಲ್ಲಿ ಕೀವು, ಉರಿ ಆಗಬಹುದು. ಅವರಿಂದ ಇನ್ನೊಬ್ಬ ಹೆಣ್ಣುಮಗಳಿಗೆ ಹೋದರೆ ಗರ್ಭನಾಳ ಕೆಟ್ಟು ಮಕ್ಕಳಾಗದೇ ಹೋಗಬಹುದು. ಅಪರೂಪಕ್ಕೆ ರಕ್ತಕ್ಕಿಳಿದು ಕೀಲುಗಳೂ ಊದುತ್ತವೆ. ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅನ್ನುವ ಹಾಗೂ ಇಲ್ಲ.

ಈ ಜೀವಿ ಎಷ್ಟು ನಾಜೂಕು ಅಂದರೆ, ಮಾಮೂಲಿ ಗಂಟಲು ಕಲ್ಚರ್‌ನಲ್ಲಿ ಸಾಮಾನ್ಯವಾಗಿ ಸಿಗುವುದೇ ಇಲ್ಲ. ರೋಗಾಣು ಬೆಳೆಸೋಕೆ ಥೇಯರ್ ಮಾರ್ಟಿನ್ ಅನ್ನುವ ಬೇರೆ ಪ್ಲೇಟ್ ಬೇಕು. ನಾನು ಕಲಿಯುವಾಗ ಪ್ಲೇಟುಗಳನ್ನು ಗಾಜಿನ ಜಾಡಿಯಲ್ಲಿಟ್ಟು ಮೇಣದಬತ್ತಿ ಹಚ್ಚಿ ಮುಚ್ಚಳ ಬಿಗಿ ಮಾಡುತ್ತಿದ್ದೆವು. ಬತ್ತಿ ಆರುವಷ್ಟರಲ್ಲಿ ಅದಕ್ಕೆ ಬೇಕಾದಷ್ಟು ಕಾರ್ಬನ್ ಡೈಆಕ್ಸೈಡ್ ಒಳಗೆ ತುಂಬಿರುತ್ತಿತ್ತು. ಎರಡು ದಿನದ ಮೇಲೆ ಇಬ್ಬನಿ ಹನಿಯಂಥ ಬೂದು ಚುಕ್ಕೆಗಳು. ಗುರುತು ಹಿಡಿಯೋಕೆ ಆಕ್ಸಿಡೇಸ್ ಪರೀಕ್ಷೆಯ ದ್ರವ ತಾಗಿಸಿದರೆ ಕಣ್ಣೆದುರೇ ನೇರಳೆಗೆ ತಿರುಗುತ್ತವೆ.

ಪ್ಲೇಟಿನಲ್ಲಿ ಇಷ್ಟು ನಾಜೂಕಾದದ್ದು ಗಂಟಲಲ್ಲಿ ಹಾಗಲ್ಲ. ಅಲ್ಲಿ ಅದೇ ಕುಲದ ನಿರುಪದ್ರವಿ ನೈಸೀರಿಯಾ ಬ್ಯಾಕ್ಟೀರಿಯಾಗಳು ಯಾವಾಗಲೂ ಇರುತ್ತವೆ. ಅವುಗಳಿಂದ ಔಷಧಿಗೆ ಬಗ್ಗದ ಜೀನ್‌ಗಳನ್ನು ಇದು ಎರವಲು ಪಡೆಯುತ್ತೆ. ಮೆಡಿಕಲ್ ಶಾಪ್‌ನಲ್ಲಿ ಮೂರು ಅಜಿತ್ರೋಮೈಸಿನ್ ಆಂಟಿಬಯೋಟಿಕ್ ಮಾತ್ರೆ ಕೇಳಿ ನುಂಗುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ದಯವಿಟ್ಟು ಅದನ್ನು ಮಾಡಬೇಡಿ. ಉಪ್ಪುನೀರು, ಕಷಾಯ, ಮೌತ್‌ವಾಶ್ ಗಂಟಲಿಗೆ ಹಿತ ಕೊಡಬಹುದು, ಗೊನೊರಿಯಾ ವಾಸಿ ಮಾಡಲ್ಲ.

ಗಂಟಲಿಗೆ ನಂಬಬಹುದಾದದ್ದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಒಂದೇ ಸಲ. ಬೆಂಗಳೂರಿನ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗಿರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಉಚಿತ. ಎಲ್ಲಿಗೆ ಹೋಗಬೇಕು ಅಂತ ತೋಚದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಡಾಕ್ಟರಿಗೆ 'ಗಂಟಲಲ್ಲಿದೆ' ಅಂತ ಬಾಯಿಬಿಟ್ಟು ಹೇಳಿ. ಮೂತ್ರನಾಳದ ಗೊನೊರಿಯಾಗೆ ಕೊಡುವ ಸೆಫಿಕ್ಸಿಮ್ ಮಾತ್ರೆ ಗಂಟಲಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಆವತ್ತೇ ಮಾಡಿಸಿಕೊಳ್ಳಿ. ಕಳೆದ ಎರಡು ತಿಂಗಳಲ್ಲಿ ದೈಹಿಕ ಸಂಬಂಧ ಇದ್ದವರಿಗೆ ತಿಳಿಸಿ, ಅವರೂ ತೋರಿಸಿಕೊಳ್ಳಲಿ. ಇಂಜೆಕ್ಷನ್ ಆದ ಮೇಲೆ ಒಂದು ವಾರ ಸಂಭೋಗದಿಂದ ದೂರವಿರಿ.

ಎರಡು ವಾರಕ್ಕೆ ಇನ್ನೊಂದು ಸ್ವಾಬ್ ಕೊಡಲೇಬೇಕು, ಗಂಟಲಿನ ವಿಷಯದಲ್ಲಿ ಇದು ಕಡ್ಡಾಯ ಅಂದುಕೊಳ್ಳಿ. ಮತ್ತೆ ಹೋಗೋಕೆ ನಾಚಿಕೆ ಆದರೆ ಒಂದು ಮಾತು: ನನ್ನ ಬೆಂಚಿಗೆ ಬರುವ ಟ್ಯೂಬಿನ ಮೇಲೆ ನಾನು ನೋಡುವುದು ಬಾರ್‌ಕೋಡ್ ಒಂದನ್ನೇ.