ನಾಲ್ಕು ತಡೆ ಕ್ಷಿಪಣಿ ಹಾರಿಸಿದರೆ ಶೇ. 97 ಖಚಿತ ಅನ್ನುವುದು ನಿಜವೇ?

ನೀವು ಕೇಳಿದ್ದು ಇಷ್ಟು: ಉತ್ತರ ಕೊರಿಯಾ ಅಮೆರಿಕದ ಮೇಲೆ ಅಣ್ವಸ್ತ್ರ ಕ್ಷಿಪಣಿ ಹಾರಿಸಿದರೆ, ಅಲಾಸ್ಕಾದಲ್ಲಿರುವ ತಡೆ ಕ್ಷಿಪಣಿಗಳು ಅದನ್ನು ಶೇ. 97ರಷ್ಟು ಖಚಿತವಾಗಿ ಹೊಡೆಯುತ್ತವೆ ಅಂತ ಓದಿದೆ, ಇದು ನಿಜವಾ?

ನಿಜ ಅಲ್ಲ. ಹಾಗಂತ ಯಾರೋ ಸುಮ್ನೆ ಹುಟ್ಟಿಸಿದ ಸಂಖ್ಯೆಯೂ ಅಲ್ಲ. ಅದು ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿಯೇ ತೋರಿಸಬಹುದು. ತಪ್ಪು ಆ ಲೆಕ್ಕದ ಒಳಗೇ ಕೂತಿದೆ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಸೇನೆಗೂ ನನಗೂ ಸಂಬಂಧ ಇಲ್ಲ. ಆದರೆ ಸಂಭವನೀಯತೆಯ ಪಾಠಕ್ಕೆ ಇಷ್ಟು ಭಯ ಹುಟ್ಟಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಹಾಗಾಗಿ ಹಲವು ವರ್ಷಗಳಿಂದ ಇದನ್ನು ಬೆನ್ನು ಹತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಏನು ಅಂತ ನೋಡೋಣ. ಅಮೆರಿಕದ ಬಳಿ ಇಂಥ 44 ತಡೆ ಕ್ಷಿಪಣಿಗಳಿವೆ ಅಂತ ಲೆಕ್ಕ. 40 ಅಲಾಸ್ಕಾದ ಫೋರ್ಟ್ ಗ್ರೀಲಿಯಲ್ಲಿ, 4 ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಲ್ಲಿ. ನೆಲದೊಳಗಿನ ಸೈಲೊಗಳಲ್ಲಿ, ಅಂದರೆ ಬಾವಿಯಂಥ ಕೊಳವೆಗಳಲ್ಲಿ, ನಿಂತಿರುತ್ತವೆ. ಮೊದಲನೆಯದನ್ನು ಇಳಿಸಿದ್ದು 2004ರಲ್ಲಿ. ಪ್ರತಿಯೊಂದೂ ಮೂರು ಹಂತದ ರಾಕೆಟ್. ಅದರ ತುದಿಯಲ್ಲಿ ಸುಮಾರು 64 ಕಿಲೋ ತೂಕದ ಒಂದು ಪುಟ್ಟ ಯಂತ್ರ ಇರುತ್ತದೆ. ಅದನ್ನು ಕಿಲ್ ವೆಹಿಕಲ್ ಅನ್ನುತ್ತಾರೆ. ಅದರಲ್ಲಿ ಬಾಂಬು ಇಲ್ಲ, ಮದ್ದೂ ಇಲ್ಲ. ಬರುತ್ತಿರುವ ಸಿಡಿತಲೆಗೆ ನೇರವಾಗಿ ಹೋಗಿ ಗುದ್ದುವುದೇ ಅದರ ಕೆಲಸ.

ಗುದ್ದುವುದು ಎಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಖಂಡಾಂತರ ಕ್ಷಿಪಣಿ ಗುರಿ ತಲುಪಲು ಸುಮಾರು ಅರ್ಧ ಗಂಟೆ ಬೇಕು. ಮೊದಲ ಮೂರರಿಂದ ಐದು ನಿಮಿಷ ಮಾತ್ರ ಅದರ ಎಂಜಿನ್ ಉರಿಯುತ್ತದೆ. ಆ ಬೆಂಕಿಯನ್ನು ಉಪಗ್ರಹಗಳು ಮೇಲಿಂದಲೇ ನೋಡುತ್ತವೆ. ಆಮೇಲೆ ರಾಕೆಟ್ ಕಳಚಿಕೊಳ್ಳುತ್ತದೆ. ಸಿಡಿತಲೆ ಎಸೆದ ಕಲ್ಲಿನಂತೆ ವಾತಾವರಣದ ಆಚೆ ತೇಲುತ್ತಾ ಹೋಗುತ್ತದೆ. ಸುಮಾರು ಇಪ್ಪತ್ತು ನಿಮಿಷ ಹೀಗೆ. ಕೊನೆಗೆ ವಾತಾವರಣದೊಳಗೆ ನುಗ್ಗುತ್ತದೆ, ಅಲ್ಲಿಂದ ನೆಲಕ್ಕೆ ಒಂದು ನಿಮಿಷದ ಆಸುಪಾಸು. ಫೋರ್ಟ್ ಗ್ರೀಲಿಯ ಕ್ಷಿಪಣಿಗಳು ಹೊಡೆಯಬೇಕಾದದ್ದು ಆ ಇಪ್ಪತ್ತು ನಿಮಿಷದ ಒಳಗೆ, ಗಾಳಿಯೇ ಇಲ್ಲದ ಜಾಗದಲ್ಲಿ. ಎರಡೂ ಒಂದನ್ನೊಂದು ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಸಮೀಪಿಸುತ್ತವೆ. ಅಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಲ್ಲಿ ನಡುವಿನ ದೂರ 10 ಮೀಟರ್ ಕಡಿಮೆಯಾಗುತ್ತದೆ. ಇದು ಒಂದು ಸಲ ಆದರೂ ಸಾಧ್ಯವಾಯಿತಲ್ಲ ಅಂತ ನನಗೆ ಇವತ್ತಿಗೂ ಬೆರಗು. ಈ ವ್ಯವಸ್ಥೆಯ ಪರೀಕ್ಷೆಗಳಲ್ಲಿ ಅದು ಮೊದಲ ಸಲ ಸಾಧ್ಯವಾದದ್ದು 1999ರ ಅಕ್ಟೋಬರ್‌ನಲ್ಲಿ.

ಇನ್ನು ಆ 97. 2017ರ ಜುಲೈನಲ್ಲಿ ಉತ್ತರ ಕೊರಿಯಾ ತನ್ನ ಮೊದಲ ಖಂಡಾಂತರ ಕ್ಷಿಪಣಿ ಹ್ವಾಸಾಂಗ್-14 ಅನ್ನು ಹಾರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಟಿವಿ ಸಂದರ್ಶನದಲ್ಲಿ, ನಮ್ಮ ಕ್ಷಿಪಣಿಗಳು ಶೇ. 97ರಷ್ಟು ಸಲ ಹೊಡೆಯುತ್ತವೆ ಎಂಬರ್ಥದ ಮಾತು ಹೇಳಿದರು. ನೀವು ಓದಿದ್ದು ಬಹುಶಃ ಅಲ್ಲಿಂದ ಬಂದದ್ದು.

ಆ ಹೊತ್ತಿಗೆ ಗುದ್ದುವ ಪರೀಕ್ಷೆಗಳು 18 ಆಗಿದ್ದವು. ಗುದ್ದಿದ್ದು 10. ಅಂದರೆ ಒಂದು ಕ್ಷಿಪಣಿಗೆ ಸುಮಾರು ಶೇ. 56. ತಪ್ಪುವ ಸಾಧ್ಯತೆ ಒಂಬತ್ತರಲ್ಲಿ ನಾಲ್ಕು. ಒಂದು ಸಿಡಿತಲೆಗೆ ನಾಲ್ಕು ತಡೆ ಕ್ಷಿಪಣಿ ಹಾರಿಸಿದರೆ? ಒಂಬತ್ತರಲ್ಲಿ ನಾಲ್ಕು ಅನ್ನುವುದನ್ನು ನಾಲ್ಕು ಸಲ ಗುಣಿಸಿ. 256 ಭಾಗಿಸು 6561, ಅಂದರೆ ಸುಮಾರು ಶೇ. 4. ನಾಲ್ಕೂ ತಪ್ಪುವ ಸಾಧ್ಯತೆ ಇಷ್ಟೇ. ಒಂದಾದರೂ ಗುದ್ದುವ ಸಾಧ್ಯತೆ ಶೇ. 96. ಸ್ವಲ್ಪ ಅತ್ತಿತ್ತ ಮಾಡಿದರೆ 97. ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ?

ಈ ಗುಣಾಕಾರ ನಡೆಯುವುದು ನಾಣ್ಯ ಚಿಮ್ಮುವಾಗ. ಒಂದು ನಾಣ್ಯ ಹೇಗೆ ಬಿತ್ತು ಅನ್ನುವುದು ಇನ್ನೊಂದು ನಾಣ್ಯಕ್ಕೆ ಗೊತ್ತಿಲ್ಲ. ಕ್ಷಿಪಣಿಗಳು ಹಾಗಲ್ಲ. ತರಗತಿಯಲ್ಲಿ ನಾನು ಹೀಗೆ ಹೇಳುತ್ತೇನೆ: ನಾಲ್ಕು ಜನ ಪರೀಕ್ಷೆಗೆ ಬಂದಿದ್ದಾರೆ. ಒಬ್ಬರಲ್ಲ ಒಬ್ಬರು ಸರಿ ಉತ್ತರ ಬರೆದೇ ಬರೆಯುತ್ತಾರೆ ಅಂತ ನೀವು ನಂಬಿದ್ದೀರಿ. ಆದರೆ ನಾಲ್ಕೂ ಜನ ಓದಿದ್ದು ಒಂದೇ ನೋಟ್ಸ್. ಆ ನೋಟ್ಸ್‌ನಲ್ಲೇ ಉತ್ತರ ತಪ್ಪಿದ್ದರೆ? ನಾಲ್ಕಲ್ಲ, ನಲವತ್ತನಾಲ್ಕು ಜನ ಬಂದರೂ ಉತ್ತರ ತಪ್ಪೇ.

ಒಂದೇ ವಿನ್ಯಾಸ, ಒಂದೇ ಸಾಫ್ಟ್‌ವೇರ್, ಒಂದೇ ರಾಡಾರ್ ಕೊಟ್ಟ ಮಾಹಿತಿ. ಅದೇ ಇಲ್ಲಿನ ನೋಟ್ಸ್. ಇದು ಬರೀ ಊಹೆ ಅಲ್ಲ. ಸೋತ ಪರೀಕ್ಷೆಗಳನ್ನು ಒಂದೊಂದಾಗಿ ನೋಡಿ. 2000ದ ಜುಲೈನಲ್ಲಿ ಕಿಲ್ ವೆಹಿಕಲ್ ತನ್ನ ರಾಕೆಟ್‌ನಿಂದ ಬೇರ್ಪಡಲೇ ಇಲ್ಲ. 2002ರ ಡಿಸೆಂಬರ್‌ನಲ್ಲಿ ಮತ್ತೆ ಅದೇ. 2013ರ ಜುಲೈನಲ್ಲಿ ಮತ್ತೂ ಒಮ್ಮೆ ಅದೇ. 2004ರ ಡಿಸೆಂಬರ್ ಮತ್ತು 2005ರ ಫೆಬ್ರವರಿಯಲ್ಲಿ ರಾಕೆಟ್ ಸೈಲೊ ಬಿಟ್ಟು ಮೇಲೇಳಲೇ ಇಲ್ಲ. ಒಂದು ಸಲ ಸಾಫ್ಟ್‌ವೇರ್ ತಡೆಯಿತು, ಇನ್ನೊಂದು ಸಲ ಸೈಲೊದಲ್ಲಿ ಅದನ್ನು ಹಿಡಿದಿಟ್ಟ ತೋಳು ಪೂರ್ತಿ ಹಿಂದೆ ಸರಿಯಲಿಲ್ಲ. ಎಂಟು ಸೋಲುಗಳಲ್ಲಿ ಐದು ಹೀಗೆ. ಗುರಿಯ ಕಡೆ ಕಣ್ಣು ಬಿಡುವ ಮೊದಲೇ ಮುಗಿದುಹೋದವು.

ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದಿರುವುದು 2010ರ ಸಂಗತಿ. ಆಗ ಕಿಲ್ ವೆಹಿಕಲ್‌ನ ಹೊಸ ಮಾದರಿ ಬಂದಿತ್ತು. ಜನವರಿಯಲ್ಲಿ ಪರೀಕ್ಷೆ ಮಾಡಿದರು, ತಪ್ಪಿತು. ಡಿಸೆಂಬರ್‌ನಲ್ಲಿ ಮತ್ತೆ ಮಾಡಿದರು, ಮತ್ತೆ ತಪ್ಪಿತು. ಎರಡನೇ ಸಲ ಕಂಡದ್ದೇನು ಅಂದರೆ, ದಿಕ್ಕು ಬದಲಿಸಲು ಅದು ಉರಿಸುವ ಪುಟ್ಟ ಎಂಜಿನ್‌ಗಳ ಅದುರುವಿಕೆಯೇ ಅದರ ದಿಕ್ಕು ಅಳೆಯುವ ಸಾಧನವನ್ನು ಕೆಡಿಸುತ್ತಿತ್ತು. ಅಷ್ಟರಲ್ಲಿ ಅದೇ ಮಾದರಿಯ ಹಲವು ತಡೆ ಕ್ಷಿಪಣಿಗಳು ಸೈಲೊಗಳಲ್ಲಿ ಕಾವಲಿಗೆ ನಿಂತಾಗಿತ್ತು. ಆ ಮಾದರಿ ಮೊದಲ ಸಲ ಗುರಿಗೆ ಗುದ್ದಿದ್ದು 2014ರ ಜೂನ್‌ನಲ್ಲಿ. ಮೂರೂವರೆ ವರ್ಷ! ಆ ನಡುವೆ ನಿಜವಾದ ದಾಳಿ ಆಗಿ, ಈ ಮಾದರಿಯ ನಾಲ್ಕನ್ನು ಒಟ್ಟಿಗೆ ಹಾರಿಸಿದ್ದರೆ, ನಾಲ್ಕೂ ಒಂದೇ ರೀತಿ ಅದುರುತ್ತಿದ್ದವು. ಅಲ್ಲಿ ಗುಣಾಕಾರಕ್ಕೆ ಜಾಗವೇ ಇಲ್ಲ. ಎಲ್ಲ ಸೋಲಿಗೂ ಇಂಥ ಒಂದೇ ಕಾರಣ ಇದ್ದರೆ, ನಾಲ್ಕು ಹಾರಿಸಿದರೂ ಉತ್ತರ 56ರಲ್ಲೇ ನಿಲ್ಲುತ್ತದೆ. ಸೋಲುಗಳು ಪೂರ್ತಿ ಬೇರೆ ಬೇರೆ ಆಗಿದ್ದರೆ ಮಾತ್ರ 96. ಸತ್ಯ ಇವೆರಡರ ನಡುವೆ ಎಲ್ಲೋ ಇದೆ ಅನ್ನಬಹುದಿತ್ತು, ಶತ್ರು ಸುಮ್ನಿದ್ದರೆ.

ಶತ್ರು ಸುಮ್ನಿರುವುದಿಲ್ಲ. ಗಾಳಿ ಇಲ್ಲದ ಜಾಗದಲ್ಲಿ ಗರಿಯೂ ಕಲ್ಲೂ ಒಂದೇ ವೇಗದಲ್ಲಿ ಹೋಗುತ್ತವೆ ಅಂತ ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ಅಲ್ಲಿ ಸಿಡಿತಲೆಯ ಜೊತೆಗೆ ಹತ್ತಿಪ್ಪತ್ತು ಬಲೂನುಗಳನ್ನು ಬಿಟ್ಟರೆ ಅವೂ ಅದರ ಪಕ್ಕದಲ್ಲೇ, ಅದೇ ವೇಗದಲ್ಲಿ ಸಾಗುತ್ತವೆ. ಸಿಡಿತಲೆಯನ್ನೇ ಒಂದು ಬಲೂನಿನೊಳಗೆ ಇಟ್ಟರೆ ಇನ್ನೂ ಕಷ್ಟ. ಕಿಲ್ ವೆಹಿಕಲ್‌ನ ಕಣ್ಣು ಶಾಖವನ್ನು ನೋಡುತ್ತದೆ. ದೂರದಿಂದ ಅದಕ್ಕೆ ಕಾಣುವುದು ಚುಕ್ಕಿಗಳು ಮಾತ್ರ. ಯಾವ ಚುಕ್ಕಿ ಅಸಲಿ? ರಾಡಾರ್ ಸಹಾಯ ಮಾಡುತ್ತದೆ. ಅಲಾಸ್ಕಾದ ಕ್ಲಿಯರ್‌ನಲ್ಲಿ ದೊಡ್ಡ ಹೊಸ ರಾಡಾರ್ ಕಟ್ಟಿದ್ದೇ ಈ ಕೆಲಸಕ್ಕೆ. ಆದರೆ ಇಲ್ಲಿ ಆಯ್ಕೆ ತಪ್ಪಿದರೆ ನಾಲ್ಕೂ ಕ್ಷಿಪಣಿಗಳಿಗೂ ಒಟ್ಟಿಗೇ ತಪ್ಪುತ್ತದೆ, ಯಾಕೆಂದರೆ ಎಲ್ಲವಕ್ಕೂ ಅದೇ ಮಾಹಿತಿ ಹೋಗಿರುತ್ತದೆ. ಆಗ ಉತ್ತರ 56ಕ್ಕಿಂತಲೂ ಕೆಳಗಿಳಿಯಬಹುದು. ಪರೀಕ್ಷೆಗಳಲ್ಲೂ ಹುಸಿ ಗುರಿಗಳನ್ನು ಬಳಸಿದ್ದಾರೆ, ಇಲ್ಲ ಅಂತಲ್ಲ. ಆದರೆ ಅವು ಅಮೆರಿಕದವರೇ ಮಾಡಿದ ಹುಸಿ ಗುರಿಗಳು. ಗುರಿ ಎಲ್ಲಿಂದ ಬರುತ್ತದೆ ಅನ್ನುವುದೂ ಮೊದಲೇ ಗೊತ್ತಿರುತ್ತದೆ.

ನೇರವಾಗಿ ಗುದ್ದುವುದು ಇಷ್ಟು ಕಷ್ಟ ಅಂತಲೇ ಹಿಂದಿನವರು ಬೇರೆ ದಾರಿ ಹಿಡಿದಿದ್ದರು. 1970ರ ದಶಕದಲ್ಲಿ ಅಮೆರಿಕ ಉತ್ತರ ಡಕೋಟಾದಲ್ಲಿ ಸೇಫ್‌ಗಾರ್ಡ್ ಎಂಬ ವ್ಯವಸ್ಥೆ ಕಟ್ಟಿತ್ತು. ಅದರ ತಡೆ ಕ್ಷಿಪಣಿಗಳ ತುದಿಯಲ್ಲೇ ಅಣುಬಾಂಬು. ನೇರವಾಗಿ ಗುದ್ದಬೇಕಿಲ್ಲ, ಹತ್ತಿರ ಸಿಡಿದರೆ ಸಾಕು. ಆದರೆ ಆ ಸ್ಫೋಟಗಳಿಂದ ತಮ್ಮದೇ ರಾಡಾರ್‌ಗಳು ಕುರುಡಾಗುವ ಅಪಾಯ ಇತ್ತು. 1975ರಲ್ಲಿ ಕೆಲಸ ಶುರು ಮಾಡಿದ ಆ ನೆಲೆಯನ್ನು ಮರುವರ್ಷವೇ ಮುಚ್ಚಿದರು. ಬಾಂಬಿಲ್ಲದೆ ಗುದ್ದುವ ಈಗಿನ ದಾರಿ ಅದಕ್ಕಿಂತ ಎಷ್ಟೋ ಒಳ್ಳೆಯದು. ಈ ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿಬಿಡಿ. ವಾದಕ್ಕಾಗಿ 97 ಅನ್ನೇ ಒಪ್ಪಿಕೊಳ್ಳೋಣ. ಒಂದು ಸಿಡಿತಲೆಗೆ ನಾಲ್ಕರಂತೆ 44 ಕ್ಷಿಪಣಿಗಳು 11 ಸಿಡಿತಲೆಗೆ ಮುಗಿದವು. ಹನ್ನೊಂದೂ ನಿಲ್ಲುವ ಸಾಧ್ಯತೆ ಎಷ್ಟು? 0.97 ಅನ್ನು ಹನ್ನೊಂದು ಸಲ ಗುಣಿಸಿದರೆ ಸುಮಾರು 0.72. (ನಾನು ಬೈಯುತ್ತಿರುವ ಗುಣಾಕಾರವನ್ನೇ ಇಲ್ಲಿ ಬಳಸಿದ್ದೇನೆ, ಅಂದಾಜಿಗೆ ಮಾತ್ರ.) ಅಂದರೆ ಒಂದಾದರೂ ನುಸುಳುವ ಸಾಧ್ಯತೆ ಶೇ. 28. ಒಂದು ನುಸುಳಿದರೆ ಒಂದು ನಗರ ಹೋಯಿತು. ರಷ್ಯಾ, ಚೀನಾದ ದೊಡ್ಡ ದಾಳಿಯನ್ನು ಈ ವ್ಯವಸ್ಥೆ ತಡೆಯುತ್ತದೆ ಅಂತ ಅಮೆರಿಕವೂ ಹೇಳುವುದಿಲ್ಲ. ಇದು ಉತ್ತರ ಕೊರಿಯಾದಂಥ ದೇಶ ಹಾರಿಸಬಹುದಾದ ಕೆಲವೇ ಕ್ಷಿಪಣಿಗಳಿಗಾಗಿ ಇರುವುದು.

ಹಾಗಾದರೆ ಇದೆಲ್ಲ ದಂಡವಾ? ನಾನು ಹಾಗೆ ಅನ್ನುವುದಿಲ್ಲ. 2017ರ ಮೇನಲ್ಲಿ ಮಾರ್ಷಲ್ ದ್ವೀಪಗಳಿಂದ ಹಾರಿಸಿದ, ಖಂಡಾಂತರ ಕ್ಷಿಪಣಿಯಷ್ಟೇ ವೇಗದ ಗುರಿಯನ್ನು ಮೊದಲ ಸಲ ಹೊಡೆದರು. 2019ರ ಮಾರ್ಚ್‌ನಲ್ಲಿ ಎರಡನ್ನು ಒಂದರ ಹಿಂದೆ ಒಂದು ಹಾರಿಸಿದರು. ಮೊದಲನೆಯದು ಸಿಡಿತಲೆಗೆ ಗುದ್ದಿತು. ಎರಡನೆಯದು ಚೂರುಗಳ ನಡುವೆ ಉಳಿದವುಗಳಲ್ಲಿ ಹೆಚ್ಚು ಅಪಾಯಕಾರಿ ಅನ್ನಿಸಿದ್ದನ್ನು ಹುಡುಕಿ ಗುದ್ದಿತು. 2023ರ ಡಿಸೆಂಬರ್‌ನಲ್ಲೂ ಗೆದ್ದರು. ಅಲ್ಲಿಗೆ 20ರಲ್ಲಿ 12, ಅಂದರೆ ಶೇ. 60. ಹಳೆಯ ಸೋಲುಗಳಲ್ಲಿ ಹಲವು ರಿಪೇರಿ ಆಗಬಲ್ಲ ಸೋಲುಗಳೇ. ಒಂದೋ ಎರಡೋ ಸಾದಾ ಕ್ಷಿಪಣಿ ಬಂದರೆ ತಡೆಯುವ ಒಳ್ಳೆಯ ಅವಕಾಶ ಇದೆ ಅಂತಲೇ ನಾನು ನಂಬುತ್ತೇನೆ. ಕೆಳಗೆ ಲಕ್ಷಾಂತರ ಜನ ಇರುವಾಗ ಅದು ಸಣ್ಣ ಮಾತಲ್ಲ.

ನನಗೆ ಭಯ ಇರುವುದು ಆ ಸಂಖ್ಯೆಯನ್ನು ನಂಬಿ ತೀರ್ಮಾನ ಮಾಡುವವರ ಬಗ್ಗೆ. ಶೇ. 60 ಅಂದುಕೊಂಡ ನಾಯಕ ಮಾತುಕತೆಗೆ ಕೂರುತ್ತಾನೆ. ಶೇ. 97 ಅಂದುಕೊಂಡವನು, ನೋಡೇಬಿಡೋಣ ಅನ್ನಬಹುದು.

2024ರಲ್ಲಿ ಹೊಸ ತಲೆಮಾರಿನ ತಡೆ ಕ್ಷಿಪಣಿ ಮಾಡಲು ಲಾಕ್‌ಹೀಡ್ ಮಾರ್ಟಿನ್ ಕಂಪನಿಯನ್ನು ಆರಿಸಿದ್ದಾರೆ. ಒಂದೇ ರಾಕೆಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಿಲ್ ವೆಹಿಕಲ್ ಇರುತ್ತವೆ. ಅದರ ಪರೀಕ್ಷೆಯ ಸುದ್ದಿ ಬಂದಾಗ ಗುದ್ದಿತಾ ಇಲ್ಲವಾ ಅಂತ ಮಾತ್ರ ನೋಡಬೇಡಿ. ಗುರಿಯ ಜೊತೆ ಎಷ್ಟು ಹುಸಿ ಗುರಿ ಇದ್ದವು, ಅವು ಅಸಲಿಗೆ ಎಷ್ಟು ಹತ್ತಿರ ಇದ್ದವು, ಯಾವುದು ಅಸಲಿ ಅಂತ ಹಾರಿಸಿದವರಿಗೆ ಮೊದಲೇ ಗೊತ್ತಿತ್ತಾ, ಇದನ್ನು ಹುಡುಕಿ ಓದಿ. ನಾನಂತೂ ಮೊದಲು ಅದನ್ನೇ ಹುಡುಕುತ್ತೇನೆ.